ಹಿರಿಯರ ಶೋಧವೂ ಕುಲಾಭಿಮಾನವೂ

ವಂಶವೆಂಬ ಸಂಸ್ಕೃತ ಶಬ್ದಕ್ಕೆ ಬಿದಿರು ಎಂಬುದೂ ಒಂದು ಅರ್ಥ. ಗೆಣ್ಣಿನ ಮೇಲೆ ಗೆಣ್ಣು ಮೂಡಿ ಬೆಳೆಯುವ ಬಿದಿರಿನಂತೆ, ತಲೆಯ ಮೇಲೆ ತಲೆ ಬೆಳೆದು ಬರುವ ಮನೆತನಕ್ಕೂ ಪೂರ್ವಿಕರು ಅದೇ ಹೆಸರನ್ನಿತ್ತರು. ಬಿದಿರು ಹೊರಗೆ ಗಟ್ಟಿ, ಒಳಗೆ ಪೊಳ್ಳು. ಅದನ್ನು ಕಡಿದು ಕೋಲು ಮಾಡಿ ಇನ್ನೊಬ್ಬನ ಬೆನ್ನಿಗೆ ಬಾರಿಸುವುದೂ ಉಂಟು, ಕೊರೆದು ಕೊಳಲು ಮಾಡಿ ಊದುವುದೂ ಉಂಟು. ವಸ್ತು ಒಂದೇ, ಹಿಡಿದವನ ಭಾವದಂತೆ ಅದರ ಫಲ. ಮನುಷ್ಯನು ತನ್ನ ಹಿರಿಯರನ್ನು ಹುಡುಕಿಕೊಂಡು ಹೋಗುವ ಕಾರ್ಯಕ್ಕೂ ಈ ಮಾತು ಸಲ್ಲುತ್ತದೆ.

ಇತ್ತೀಚೆಗೆ ಅನೇಕ ಗೃಹಸ್ಥರಲ್ಲಿ ತಮ್ಮ ಮನೆತನದ ಮೂಲವನ್ನು ತಿಳಿಯಬೇಕೆಂಬ ಆಸಕ್ತಿ ಹೆಚ್ಚಿದೆ. ಹಳೆಯ ಪೆಟ್ಟಿಗೆಯಲ್ಲಿ ಬಿದ್ದಿದ್ದ ವಾಟ್ನಿಪತ್ರ, ದತ್ತಕಪತ್ರ, ಭೂಕಂದಾಯದ ಲೆಕ್ಕ, ಶಾಲೆಯ ದಾಖಲಾತಿ ಪುಸ್ತಕ, ಮರಾಠರ ಕಾಲದ ಮೋಡಿ ಲಿಪಿಯ ಕಾಗದ ಇವೆಲ್ಲ ಮತ್ತೆ ಬೆಳಕಿಗೆ ಬರುತ್ತಿವೆ. ಹರಿದ್ವಾರಕ್ಕೆ ಯಾತ್ರೆ ಹೋದ ಉತ್ತರದೇಶದವರು ಅಲ್ಲಿಯ ಪಂಡರ ಬಹಿಗಳಲ್ಲಿ ತಮ್ಮ ಅಜ್ಜಂದಿರ ಹೆಸರನ್ನು ಕಂಡು ಬರುವುದು ಬಹುಕಾಲದ ರೂಢಿ. ಇಂದು ಕಾಗದದ ಛಾಯಾಚಿತ್ರವೊಂದು ಕೈಯೊಳಗಿನ ದೂರವಾಣಿಯಿಂದ ಕ್ಷಣಮಾತ್ರದಲ್ಲಿ ದೂರದ ಊರಿಗೆ ಮುಟ್ಟುವುದರಿಂದ, ಒಬ್ಬರನ್ನೊಬ್ಬರು ಕಣ್ಣಾರೆ ಕಾಣದ ಶೋಧಕರು ಕೂಡ ಪರಸ್ಪರ ನೆರವಾಗುತ್ತಿದ್ದಾರೆ. ಆದರೆ ಶರಣಮಾರ್ಗದಲ್ಲಿ ನಡೆಯುವವನಿಗೆ ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹೊಸ್ತಿಲಿಗೆ ಬಂದವನ ಕುಲವನ್ನು ಕೇಳದೆ ಒಳಗೆ ಕರೆಯಬೇಕೆಂದು ಕಲಿಸಿದ ಧರ್ಮದಲ್ಲಿ ಹುಟ್ಟಿ, ತನ್ನ ಕುಲದ ಮೂಲವನ್ನು ಅರಸುತ್ತ ಅಲೆಯುವುದು ಉಚಿತವೆ? ಇದು ಜಿಜ್ಞಾಸೆಯೋ, ಅಥವಾ ಜಿಜ್ಞಾಸೆಯ ವೇಷ ತೊಟ್ಟ ಕುಲಾಭಿಮಾನವೋ?

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಹೊಸದಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದು ಮಾಡುತ್ತ ಬರುವ ಹೆಳವರನ್ನು ಅರಿಯದವರು ವಿರಳ. ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ಹೊಸದಾಗಿ ಹುಟ್ಟಿದ ಕೂಸಿನವರೆಗೆ ತಲೆಮಾರುಗಳನ್ನು ಹೇಳುವುದು ಅವರ ಕಾಯಕ. ಮೊದಲು ಬಾಯಿಪಾಠದಲ್ಲಿಯೂ ಅನಂತರ ಹೊತ್ತಗೆಗಳಲ್ಲಿಯೂ ಅವರು ಅದನ್ನು ಕಾಪಾಡಿಕೊಂಡು ಬಂದರು. ಕಾಳು, ಬಟ್ಟೆ, ಉಳ್ಳವರಾದರೆ ದನವನ್ನು ಕೊಟ್ಟು ಮನೆಯವರು ಅವರನ್ನು ಮನ್ನಿಸಿ ಕಳುಹಿಸುತ್ತಾರೆ. ಮನೆಯವರು ಮರೆತುದನ್ನು ಮನೆಯ ಹೊರಗಿನವನೊಬ್ಬನು ನೆನಪಿಟ್ಟುಕೊಂಡಿರುವ ಈ ಏರ್ಪಾಡು ಅಪೂರ್ವವಾದುದು. ಒಂದು ವಂಶದ ನೆನಪು ಆ ವಂಶದ ಸ್ವತ್ತು ಮಾತ್ರವಲ್ಲ, ಪರರ ಶ್ರಮದಿಂದ ಉಳಿದು ಬಂದ ನಿಧಿ ಎಂಬುದನ್ನು ಇದು ತೋರಿಸುತ್ತದೆ.

ಕುಲದ ಪ್ರಶ್ನೆಯಲ್ಲಿ ಎರಡು ಬಗೆಗಳಿವೆ. ಎದುರಿಗೆ ನಿಂತವನನ್ನು ಅಳೆಯುವುದಕ್ಕಾಗಿ ‘ನೀನು ಯಾರ ಮಗ?’ ಎಂದು ಕೇಳುವುದು ಒಂದು. ತನ್ನನ್ನು ತಾನು ಅರಿಯುವುದಕ್ಕಾಗಿ ‘ನಾನು ಯಾರಿಗೆ ಋಣಿ?’ ಎಂದು ಕೇಳಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಶರಣರು ನಿಷೇಧಿಸಿದರು. ಎರಡನೆಯದು ವಿನಯದ ಮೂಲ. ಆದರೆ ಎರಡನೆಯದನ್ನು ಕೇಳುತ್ತಿದ್ದೇನೆಂದು ಭ್ರಮಿಸಿ ಮೊದಲನೆಯದಕ್ಕೆ ಜಾರುವುದು ಬಹು ಸುಲಭ. ರಾಜರೂ ಈ ಜಾರುವಿಕೆಗೆ ಹೊರತಾಗಿರಲಿಲ್ಲ. ರಾಷ್ಟ್ರಕೂಟರು ತಮ್ಮ ಶಾಸನಗಳಲ್ಲಿ ಯದುವಂಶದವರೆಂದು ಹೇಳಿಕೊಂಡರು. ಹೊಯ್ಸಳರೂ ಯಾದವಕುಲ ತಿಲಕರೆನಿಸಿಕೊಂಡರು. ಭುಜಬಲದಿಂದ ಗಳಿಸಿದ ರಾಜ್ಯಕ್ಕೆ ಪುರಾಣದ ಮೂಲಪುರುಷನೊಬ್ಬನು ಬೇಕೆನಿಸಿತು. ಗಳಿಸಿದವನಿಗೆ ತನ್ನ ಗಳಿಕೆ ಸಾಲದೆ ತೋರುವುದು ಮನುಷ್ಯಸ್ವಭಾವದ ಒಂದು ವೈಚಿತ್ರ್ಯ.

ಕುಲಾಭಿಮಾನದ ಪೊಳ್ಳುತನವನ್ನು ಕಾಣಲು ಶಾಸ್ತ್ರವೂ ಬೇಕಾಗಿಲ್ಲ, ಸಾಮಾನ್ಯ ಗಣಿತವೇ ಸಾಕು. ಪ್ರತಿಯೊಬ್ಬನಿಗೂ ಹೆತ್ತವರು 2. ಅಜ್ಜ ಅಜ್ಜಿಯರು 4. ಅವರ ಹೆತ್ತವರು 8. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಯಲ್ಲಿ 1,024 ಸ್ಥಾನಗಳಾಗುತ್ತವೆ. ವಂಶಾವಳಿಯ ಪಟದಲ್ಲಿ ಆ ತಲೆಗೆ ಬರೆಯುವ ಹೆಸರು ಸಾಮಾನ್ಯವಾಗಿ ಒಂದೇ ಒಂದು. ಉಳಿದ 1,023 ಮಂದಿ ಎಲ್ಲಿ ಹೋದರು? ಅವರಲ್ಲಿ ಅರ್ಧಕ್ಕರ್ಧ ಹೆಂಗಸರು. ಬೇರೆ ಮನೆಯಿಂದ ಬಂದು, ಈ ಮನೆಯ ದೀಪ ಹಚ್ಚಿ, ಹೆಸರಿಲ್ಲದೆ ಹೋದವರು. ಮೂವತ್ತು ತಲೆ ಹಿಂದಕ್ಕೆ, ಎಂದರೆ ಸುಮಾರು ಕಲ್ಯಾಣದ ಶರಣರ ಕಾಲಕ್ಕೆ ಸರಿದರೆ, ಲೆಕ್ಕ 107 ಕೋಟಿಯನ್ನು ದಾಟುತ್ತದೆ. ಅಂದಿನ ಭೂಮಂಡಲದಲ್ಲಿ ಅಷ್ಟು ಜನರೇ ಇರಲಿಲ್ಲ. ಎಂದ ಮೇಲೆ ಒಬ್ಬರೇ ಹಿರಿಯರು ಹಲವು ದಾರಿಗಳಿಂದ ಹಲವು ಮನೆಗಳಿಗೆ ಹಿರಿಯರಾಗಿರಲೇಬೇಕು. ಇಷ್ಟು ಹೊಳೆಗಳು ಬಂದು ಕೂಡಿದ ನೀರಿನಲ್ಲಿ ಒಂದು ಬೊಗಸೆಯನ್ನೆತ್ತಿ ‘ಇದು ಶುದ್ಧ’ ಎನ್ನುವವನು ಯಾವ ಹೊಳೆಯನ್ನು ಬಲ್ಲನು?

ತತ್ತ್ವವಾಗಿ ಈ ಮಾತನ್ನು ಒಪ್ಪುವುದು ಕಷ್ಟವಲ್ಲ. ಕಷ್ಟ ಬರುವುದು ಮನೆಯ ಪಡಸಾಲೆಯಲ್ಲಿ. ಅದಕ್ಕೆ ಒಂದು ದೃಷ್ಟಾಂತವನ್ನು ಭಾವಿಸಬಹುದು. ಊರು ಹೆಸರುಗಳ ಅಗತ್ಯವಿಲ್ಲ.

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಅನುಕೂಲವಂತನಾದ ಒಬ್ಬ ಗೃಹಸ್ಥನು ಹೊಸ ಮನೆ ಕಟ್ಟಿಸಿ, ಪಡಸಾಲೆಯ ಗೋಡೆಗೆ ವಂಶಾವಳಿಯ ಪಟವೊಂದನ್ನು ತೂಗುಹಾಕಬೇಕೆಂದು ಬಯಸಿದನು. ಮನೆಯಲ್ಲಿದ್ದ ಕಾಗದಗಳಲ್ಲಿ ಕೆಲವು ಮೋಡಿ ಲಿಪಿಯವು. ಓದಬಲ್ಲವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹಳೆಯ ಕಾಗದಗಳ ಶೋಧದಲ್ಲಿ ತೊಡಗಿದ್ದ ಸೊಲ್ಲಾಪುರದ ಒಬ್ಬ ನಿವೃತ್ತ ಗುಮಾಸ್ತನು ಆ ಕಾಗದಗಳ ಪ್ರತಿಗಳನ್ನು ತರಿಸಿಕೊಂಡು, ತಿಂಗಳುಗಟ್ಟಲೆ ಕುಳಿತು ಅಕ್ಷರ ಅಕ್ಷರವಾಗಿ ಓದಿ, ಶುದ್ಧವಾಗಿ ಬರೆದು ಕಳುಹಿಸಿದನು. ಬಿಡಿಗಾಸನ್ನೂ ಕೇಳಲಿಲ್ಲ. ಇಬ್ಬರಲ್ಲಿಯೂ ಸ್ನೇಹ ಬೆಳೆಯಿತು.

ಆ ವರ್ಷ ಹೆಳವನು ಬಂದನು. ಮುತ್ತಜ್ಜನ ಹೆಸರು ಬಂದಾಗ ಅವನು ತುಸು ತಡೆದು, ಯಜಮಾನನು ಒತ್ತಾಯಿಸಿದ ಮೇಲೆ ಹೊತ್ತಗೆಯಲ್ಲಿದ್ದುದನ್ನು ಓದಿದನು. ಮುತ್ತಜ್ಜನು ಆ ಮನೆಯಲ್ಲಿ ಹುಟ್ಟಿದವನಲ್ಲ. 1876ರಿಂದ 1878ರವರೆಗೆ ದಕ್ಷಿಣದೇಶವನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಕೆಲಸ ಅರಸಿ ಹೊರಟಿದ್ದ ಒಂದು ಗುಂಪಿನಿಂದ ಹಿಂದುಳಿದು, ಜ್ವರದಿಂದ ಬಳಲಿ, ದನದ ಗೋದಲಿಯ ಬಳಿ ಬಿದ್ದಿದ್ದ ಎಂಟು ವರ್ಷದ ಹುಡುಗನವನು. ಮನೆಯೊಡತಿ ಗಂಜಿ ಕುಡಿಸಿ ಬದುಕಿಸಿದಳು. ಗಂಡುಮಕ್ಕಳಿಲ್ಲದ ಆ ದಂಪತಿಗಳು ಅವನನ್ನು ಸಾಕಿ, ಗುರುವಿನಿಂದ ಲಿಂಗದೀಕ್ಷೆ ಕೊಡಿಸಿ, ಮುಂದೆ ತಮ್ಮ ಒಬ್ಬಳೇ ಮಗಳನ್ನು ಕೊಟ್ಟು ಮನೆಅಳಿಯನನ್ನಾಗಿ ಮಾಡಿಕೊಂಡರು. ಹುಡುಗನ ತಂದೆಯ ಹೆಸರೂ ಊರೂ ಹೊತ್ತಗೆಯಲ್ಲಿದ್ದವು. ಅವನು ಚರ್ಮದ ಕಾಯಕದ ಮನೆತನದವನು.

ಗೃಹಸ್ಥನು ಈ ಸಂಗತಿಯನ್ನು ಸೊಲ್ಲಾಪುರಕ್ಕೆ ಬರೆದನು. ಕೆಲವು ದಿನಗಳ ಮೇಲೆ ಉತ್ತರ ಬಂದಿತು. “ಯಜಮಾನರೆ, ನೀವು ಬರೆದ ಊರೂ ಹೆಸರೂ ನಮ್ಮ ಮನೆಯವೇ. ಬರದ ವರ್ಷ ದಾರಿಯಲ್ಲಿ ಕಳೆದುಹೋದ ತಮ್ಮನೊಬ್ಬನನ್ನು ನಮ್ಮ ಮುತ್ತಜ್ಜ ಸಾಯುವವರೆಗೂ ನೆನೆಯುತ್ತಿದ್ದನಂತೆ. ಅವನು ಬದುಕಿದನೋ ಸತ್ತನೋ ತಿಳಿಯದೆ, ಹಿರಿಯರಿಗೆ ಎಡೆ ಹಾಕುವಾಗ ಇಂದಿಗೂ ನಮ್ಮ ಮನೆಯಲ್ಲಿ ಅವನ ಹೆಸರಿನಲ್ಲಿ ಒಂದು ಎಲೆಯನ್ನು ಬೇರೆಯಾಗಿ ಇಡುತ್ತೇವೆ. ನಾನು ಈ ಹಳೆಯ ಕಾಗದಗಳ ಗೀಳಿಗೆ ಬಿದ್ದದ್ದೇ ಅವನಿಗಾಗಿ.”

ಮನೆಯಲ್ಲಿ ಕಳವಳ ಹುಟ್ಟಿತು. ಗೃಹಸ್ಥನ ಮಗಳಿಗೆ ದೊಡ್ಡ ಮನೆತನವೊಂದರಿಂದ ಸಂಬಂಧ ಬಂದಿತ್ತು. ತಮ್ಮನು ಹೇಳಿದನು: “ಅಣ್ಣಾ, ಆ ಒಂದು ಹೆಸರನ್ನು ಬಿಟ್ಟು ಪಟ ಬರೆಸು. ಕೇಳಿದವರಿಗೆ ಏನು ಹೇಳುವುದು? ಮೇಲಾಗಿ ಲಿಂಗವಂತನ ಪೂರ್ವಾಶ್ರಯವನ್ನು ಎತ್ತಬಾರದೆಂದು ನಮ್ಮ ಧರ್ಮವೇ ಹೇಳುತ್ತದೆ. ದೀಕ್ಷೆಯಾದ ದಿನವೇ ಅವನ ಹಿಂದಿನದು ಸುಟ್ಟುಹೋಯಿತು. ಇಲ್ಲದ್ದನ್ನು ಬರೆಯುವುದು ಅಪರಾಧವಲ್ಲವೆ?”

ತಮ್ಮನ ಮಾತಿನಲ್ಲಿ ಎರಡು ವಾದಗಳಿವೆ: ಒಂದು ಭಯದ್ದು, ಇನ್ನೊಂದು ಶಾಸ್ತ್ರದ್ದು. ಎರಡನ್ನೂ ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ.

ಮೊದಲು ಶಾಸ್ತ್ರದ ವಾದ. ಲಿಂಗಧಾರಿಯಾದವನ ಪೂರ್ವಾಶ್ರಯವನ್ನು ಎಣಿಸಬಾರದೆಂಬುದು ನಿಜ. ಲಿಂಗವಂತರಲ್ಲಿ ಭೇದವೆಣಿಸದಿರುವುದೇ ಶಿವಾಚಾರ. ಆದರೆ ಆ ವಿಧಿ ಯಾರನ್ನು ಕಾಪಾಡುವುದಕ್ಕಾಗಿ ಹುಟ್ಟಿತು? ಕೀಳೆನಿಸಿಕೊಂಡು ಬಂದವನನ್ನು ಕಾಪಾಡುವುದಕ್ಕಾಗಿ. ಅದನ್ನೇ ಹಿಡಿದು ಅವನ ಹೆಸರನ್ನು ಅಳಿಸಹೊರಡುವುದು, ಬಡವನಿಗೆಂದು ಕಟ್ಟಿಸಿದ ಛತ್ರದಿಂದ ಬಡವನನ್ನೇ ಹೊರದೂಡಿದಂತೆ. ಶರಣರು ತಮ್ಮ ಹಿಂದಿನದನ್ನು ಬಚ್ಚಿಟ್ಟರೆ? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಇವರು ತಮ್ಮ ಹುಟ್ಟನ್ನೂ ಕಾಯಕವನ್ನೂ ಹೆಸರಿನ ಮುಂದೆಯೇ ಇಟ್ಟುಕೊಂಡು ಅನುಭವಮಂಟಪವನ್ನು ಪ್ರವೇಶಿಸಿದರು. ಬ್ರಾಹ್ಮಣಕುಲದಲ್ಲಿ ಹುಟ್ಟಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಚೆನ್ನಯ್ಯ ಕಕ್ಕಯ್ಯರಂಥವರನ್ನೇ ತಮ್ಮ ಹಿರಿಯರೆಂದು ಎಣಿಸಿಕೊಂಡರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸರ ಮಗಳಿಗೂ ನಡೆದ ವಿವಾಹಕ್ಕಾಗಿ ಆ ಇಬ್ಬರು ತಂದೆಯರು ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ಅವರು ಸತ್ತದ್ದು ಸಂಬಂಧವನ್ನು ಬಹಿರಂಗವಾಗಿ ಮಾಡಿದ್ದರಿಂದ. ಗುಟ್ಟಾಗಿ ಇಟ್ಟಿದ್ದರೆ ಬಹುಶಃ ಬದುಕುತ್ತಿದ್ದರು. ಆದರೆ ಕಲ್ಯಾಣವು ಕಲ್ಯಾಣವಾಗುತ್ತಿರಲಿಲ್ಲ.

ಆದುದರಿಂದ ಕುಲವನ್ನು ಎಣಿಸದಿರುವುದು ಬೇರೆ, ಕುಲವನ್ನು ಮರೆಮಾಚುವುದು ಬೇರೆ. ಎಣಿಸದವನಿಗೆ ಅದನ್ನು ಹೇಳಲು ನಾಚಿಕೆಯಿಲ್ಲ. ಮರೆಮಾಚುವವನು ಮನಸ್ಸಿನಲ್ಲಿ ಎಣಿಸಿಯೇ ಮರೆಮಾಚುತ್ತಾನೆ. ಉಚ್ಚಕುಲದ ಹಿರಿಯನನ್ನು ಹೇಳಿ ಉಬ್ಬುವವನಲ್ಲಿ ಎಷ್ಟು ಕುಲಾಭಿಮಾನವುಂಟೋ, ಕೀಳೆನಿಸಿದ ಹಿರಿಯನನ್ನು ಮುಚ್ಚಿ ನಾಚುವವನಲ್ಲಿಯೂ ಅಷ್ಟೇ ಉಂಟು. ಒಬ್ಬನು ತಕ್ಕಡಿಯನ್ನು ಪಡಸಾಲೆಯಲ್ಲಿ ಇಟ್ಟಿದ್ದಾನೆ, ಇನ್ನೊಬ್ಬನು ಕೋಣೆಯಲ್ಲಿ ಇಟ್ಟಿದ್ದಾನೆ. ತಕ್ಕಡಿ ಮಾತ್ರ ಇಬ್ಬರಲ್ಲಿಯೂ ಇದೆ.

ಮುಚ್ಚಿಟ್ಟ ಲೆಕ್ಕವನ್ನು ತೆರೆಯುವ ಕಷ್ಟ ಒಂದು ಮನೆಗೆ ಮಾತ್ರ ಬರುವುದಲ್ಲ, ದೊಡ್ಡ ಧರ್ಮಸಂಸ್ಥೆಗಳಿಗೂ ಬಂದದ್ದುಂಟು. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಜೆಸ್ಯುಯಿಟ್ ಪಾದ್ರಿಗಳು 1838ರಲ್ಲಿ ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಮಂದಿ ಗುಲಾಮರನ್ನು ಲೂಸಿಯಾನದ ಜಮೀನುದಾರರಿಗೆ ಮಾರಲು ಕರಾರು ಮಾಡಿಕೊಂಡರು. ಬೆಲೆ 1,15,000 ಡಾಲರು. ಅದರಲ್ಲಿ ಒಂದು ಪಾಲು ಜಾರ್ಜ್‌ಟೌನ್ ವಿದ್ಯಾಲಯದ ಸಾಲ ತೀರಿಸಲು ಸಂದಿತು. ಮಾರಾಟವಾದವರ ಸಂತತಿಯವರಿಗೆ ತಮ್ಮ ಹಿರಿಯರನ್ನು ಹುಡುಕುವುದು ಸುಲಭವಿರಲಿಲ್ಲ. ಆ ದೇಶದ 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಎಣಿಸಿದ್ದರೇ ಹೊರತು ಸಾಮಾನ್ಯವಾಗಿ ಹೆಸರು ಬರೆದಿರಲಿಲ್ಲ. ಬಿಡುಗಡೆಯಾದವರೆಲ್ಲರ ಹೆಸರು ಗಣತಿಯಲ್ಲಿ ಮೊದಲು ಕಂಡದ್ದು 1870ರಲ್ಲಿ. ಅದಕ್ಕೆ ಹಿಂದೆ ಹೋಗಬೇಕೆಂದವರಿಗೆ ಅಲ್ಲೊಂದು ಗೋಡೆ ಅಡ್ಡ ನಿಲ್ಲುತ್ತದೆ.

ಗೋಡೆಯ ಆಚೆ ಆ ಹೆಸರುಗಳನ್ನು ಉಳಿಸಿದ್ದು ಮಾರಿದವರೇ ಬರೆದಿಟ್ಟ ಪಟ್ಟಿ. 2015ರಲ್ಲಿ ಆ ವಿದ್ಯಾಲಯದ ಹಳೆಯ ವಿದ್ಯಾರ್ಥಿಯೊಬ್ಬರು ವಂಶಶೋಧಕರನ್ನು ಕೂಡಿಸಿಕೊಂಡು ಆ ಪಟ್ಟಿಯವರ ಸಂತತಿಯನ್ನು ಹುಡುಕುವ ಕಾರ್ಯವನ್ನು ಕೈಗೊಂಡರು. ಬದುಕಿರುವ ಸಹಸ್ರಾರು ಜನರಿಗೆ ತಮ್ಮ ಹಿರಿಯರ ಹೆಸರು ತಿಳಿಯಿತು. 2017ರ ಏಪ್ರಿಲ್ 18ರಂದು ವಿದ್ಯಾಲಯವೂ ಪಾದ್ರಿಗಳ ಸಂಘವೂ ಆ ಸಂತತಿಯವರ ಎದುರಿಗೆ ಕ್ಷಮೆ ಬೇಡಿದವು. ಮಾರಾಟಕ್ಕೆ ಕಾರಣನಾಗಿದ್ದ ಅಧ್ಯಕ್ಷನ ಹೆಸರನ್ನು ಹೊತ್ತಿದ್ದ ಕಟ್ಟಡಕ್ಕೆ, ಮಾರಾಟದ ಪತ್ರದಲ್ಲಿ ಮೊದಲು ಬರೆಯಲ್ಪಟ್ಟಿದ್ದ ಐಸಾಕ್ ಹಾಕಿನ್ಸ್ ಎಂಬವನ ಹೆಸರನ್ನಿಟ್ಟರು. ಅಷ್ಟರಿಂದಲೇ ಹಳೆಯ ಪಾಪ ತೊಳೆದುಹೋಯಿತೆಂದಲ್ಲ. ಆದರೆ ಆ ಪಟ್ಟಿಯನ್ನು ಯಾವನಾದರೊಬ್ಬನು ನಾಚಿಕೆಯಿಂದ ಸುಟ್ಟಿದ್ದರೆ ಪಶ್ಚಾತ್ತಾಪಕ್ಕೂ ಅವಕಾಶವಿರುತ್ತಿರಲಿಲ್ಲ.

ಈಗ ಭಯದ ವಾದ. ಮಗಳ ಸಂಬಂಧ ತಪ್ಪೀತೆಂಬ ತಮ್ಮನ ಅಂಜಿಕೆ ಕಲ್ಪಿತವಲ್ಲ. ವೇದಿಕೆಯ ಮೇಲೆ ಸಮತ್ವವನ್ನು ಸಾರಿ, ಕನ್ಯೆಯನ್ನು ನೋಡುವಾಗ ಏಳು ತಲೆ ವಿಚಾರಿಸುವ ಮನೆಗಳು ಇಂದಿಗೂ ಇವೆ. ಸತ್ಯಕ್ಕಾಗಿ ತೆರುವ ಬೆಲೆಯನ್ನು ಹಿರಿಯನಲ್ಲ, ಮಗಳು ತೆರಬೇಕಾಗಬಹುದು. ಆದುದರಿಂದ ಅವಳನ್ನು ಕೇಳದೆ ನಿರ್ಣಯಿಸುವುದು ಧರ್ಮವಲ್ಲ. ಆದರೆ ಎರಡು ಮಾತನ್ನು ವಿಚಾರಿಸಬೇಕು. ಮುಚ್ಚಿ ಮಾಡಿದ ಸಂಬಂಧದಲ್ಲಿ ಆ ಹೆಣ್ಣುಮಗಳು ಬದುಕಿನುದ್ದಕ್ಕೂ ಒಂದು ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಳಬೇಕಾಗುತ್ತದೆ. ಇನ್ನು, ಮುತ್ತಜ್ಜನ ಹುಟ್ಟಿಗೆ ಅಂಜಿ ಹಿಂಜರಿಯುವ ಮನೆಯು ನಾಳೆ ಅವಳ ಮತ್ತಾವುದೋ ಕುಂದನ್ನು ಎಣಿಸದೆ ಬಿಟ್ಟೀತೆಂಬುದಕ್ಕೆ ಭರವಸೆಯೇನು?

ಎಲ್ಲಕ್ಕಿಂತ ಮಿಗಿಲಾಗಿ, ಆ ಒಂದು ಹೆಸರನ್ನು ಬಿಟ್ಟರೆ ಪಟದಲ್ಲಿ ಉಳಿಯುವುದೇನು? ಆ ಮನೆತನ ಬೆಳೆದದ್ದೇ ಆ ಹುಡುಗನಿಂದ. ಅವನು ಬದುಕಿದ್ದು ಒಬ್ಬ ತಾಯಿಯ ಗಂಜಿಯಿಂದ. ಊರಿಗೆ ಊರೇ ಹಸಿದಿದ್ದಾಗ, ತನ್ನ ಮನೆಯ ಕಣಜವೂ ತಳ ಕಂಡಿದ್ದಾಗ, ಯಾರ ಮಗನೆಂದು ಕೇಳದೆ ಆಕೆ ಒಂದು ಬಟ್ಟಲನ್ನು ಅವನ ಬಾಯಿಗೆ ಹಿಡಿದಳು. ಆ ಮನೆತನದ ಮೂಲಪುರುಷನನ್ನು ಹುಡುಕುವವನು ಆ ಬಟ್ಟಲಿನ ಬಳಿಗೇ ಬರಬೇಕು. ಅದು ರಕ್ತದಿಂದ ಬೆಳೆದ ವಂಶವಲ್ಲ, ದಾಸೋಹದಿಂದ ಬೆಳೆದ ವಂಶ. ಇದಕ್ಕಿಂತ ದೊಡ್ಡ ಕುಲೀನತೆಯನ್ನು ಯಾವ ಹೊತ್ತಗೆಯಲ್ಲಿ ಅರಸಬೇಕು?

ಇಲ್ಲಿ ಸಹಶೋಧಕರ ಧರ್ಮವೂ ಸ್ಪಷ್ಟವಾಗುತ್ತದೆ. ಮೋಡಿ ಓದಿ ಕೊಟ್ಟ ಆ ಗುಮಾಸ್ತನು ಮಾಡಿದ್ದು ಜ್ಞಾನದಾಸೋಹ. ತನಗೆ ಬರುವ ಲಿಪಿಯನ್ನು ಬಾರದವನಿಗೆ ಓದಿ ಹೇಳುವುದು, ತನ್ನಲ್ಲಿರುವ ಕಾಗದದ ಪ್ರತಿಯನ್ನು ಬೇಕಾದವನಿಗೆ ಕೊಡುವುದು, ಫಲವನ್ನು ಬಯಸದಿರುವುದು ಇವೆಲ್ಲ ಭೃತ್ಯಾಚಾರವೇ. ಪಡೆದವನಿಗೂ ಕೆಲವು ನಿಯಮಗಳುಂಟು. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ, ಊಹೆಯನ್ನು ಊಹೆಯೆಂದೂ ಬೇರೆ ಬೇರೆ ಬರೆಯಬೇಕು. ಹೆಸರು ಒಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದು ನಿರ್ಣಯಿಸಬಾರದು. ಬದುಕಿರುವವರ ಗುಟ್ಟುಗಳನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದು. ಮಗನ ಹೆಸರು ಬರೆದಲ್ಲಿ ಮಗಳ ಹೆಸರನ್ನೂ, ತಂದೆಯ ಹೆಸರು ಬರೆದಲ್ಲಿ ತಾಯಿಯ ತವರನ್ನೂ ಬರೆಯಬೇಕು. ತನಗೆ ಬೇಡವಾದ ಹೆಸರನ್ನು ಅಳಿಸಬಾರದು. ಏಕೆಂದರೆ ತನಗೆ ಬೇಡವಾದ ಆ ಹೆಸರಿಗಾಗಿ ಮತ್ತಾವುದೋ ಊರಿನಲ್ಲಿ ಒಬ್ಬನು ತನ್ನ ಆಯುಷ್ಯವನ್ನೇ ಸವೆಸುತ್ತಿರಬಹುದು.

ವಚನವಾಙ್ಮಯವು ಇಂದಿನವರ ಕೈಗೆ ಬಂದದ್ದು ಕೂಡ ಇಂಥ ಶೋಧದಿಂದಲೇ. ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು, ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದ ತಾಳೆಗರಿಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುದ್ರಣಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರು ಹುಡುಕಿ ತಂದ ಹಿರಿಯರಲ್ಲಿ ಅವರ ರಕ್ತಸಂಬಂಧಿಗಳೆಷ್ಟು ಮಂದಿ? ಆ ಪ್ರಶ್ನೆಯೇ ಅವರಿಗೆ ಹೊಳೆದಿರಲಾರದು. ಹುಡುಕುವವನ ಮನಸ್ಸು ಶುದ್ಧವಾಗಿದ್ದರೆ ಸಿಕ್ಕವರೆಲ್ಲರೂ ಹಿರಿಯರೇ.

ದೃಷ್ಟಾಂತದ ಗೃಹಸ್ಥನು ಮಗಳನ್ನು ಕರೆದು ಎಲ್ಲವನ್ನೂ ಹೇಳಿದನೆಂದೂ, ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಗಂಜಿ ಕೊಟ್ಟ ಆ ಅಮ್ಮನ ಹೆಸರೇನು?” ಎಂದು ಕೇಳಿದಳೆಂದೂ ಭಾವಿಸಬಹುದು. ಹೆಳವನ ಹೊತ್ತಗೆಯಲ್ಲಿ ಆ ಹೆಸರು ಇರಲಿಲ್ಲ. ಮುತ್ತಜ್ಜನ ಹೆಸರನ್ನು ತಂದೆಯ ಹೆಸರು, ಊರುಗಳೊಡನೆ ಪಟದಲ್ಲಿ ಬರೆಯಿಸಿ, ಅದರ ಮೇಲ್ಗಡೆ ಆ ತಾಯಿಗಾಗಿ ಒಂದು ಸ್ಥಾನವನ್ನು ಬರಿದಾಗಿ ಬಿಟ್ಟರು. ಬಂದ ಸಂಬಂಧದವರಿಗೆ ನಡೆದುದನ್ನು ನಡೆದಂತೆ ತಿಳಿಸಿದರು. ಮುಂದಿನದು ಅವರ ಧರ್ಮಕ್ಕೆ ಬಿಟ್ಟದ್ದು. ಸೊಲ್ಲಾಪುರದವರಿಗೆ ಮನೆಯ ಒಕ್ಕಲಿಗೆ ಕುಟುಂಬಸಮೇತರಾಗಿ ಬರಬೇಕೆಂದು ಬರೆದರು. ಅವರು ಬಂದ ದಿನ, ನೂರಕ್ಕೂ ಹೆಚ್ಚು ವರ್ಷಗಳಿಂದ ಬೇರೆಯಾಗಿ ಇಡುತ್ತಿದ್ದ ಎಲೆಯು ಮನೆಯವರ ಸಾಲಿನಲ್ಲಿಯೇ ಬಿದ್ದಿತು.

ಹಿರಿಯರನ್ನು ಹುಡುಕುವುದು ತಪ್ಪಲ್ಲ. ಆದರೆ ಹುಡುಕುವ ಮೊದಲೇ ಗೃಹಸ್ಥನು ತನ್ನನ್ನು ಒಂದು ಮಾತು ಕೇಳಿಕೊಳ್ಳಲಿ: ದೊರೆತವನು ಯಾರೇ ಆಗಲಿ, ಅವನನ್ನು ಒಳಗೆ ಕರೆದು ಎಲೆ ಹಾಕಲು ಮನಸ್ಸುಂಟೆ? ಉಂಟಾದರೆ ಆ ಶೋಧವು ಶಿವನಿಗೆ ಒಪ್ಪಿತವಾದುದು. ಇಲ್ಲವಾದರೆ ಹಳೆಯ ಪೆಟ್ಟಿಗೆಯನ್ನು ತೆರೆಯುವುದಕ್ಕಿಂತ ಮೊದಲು ತೆರೆಯಬೇಕಾದುದು ಬೇರೊಂದಿದೆ.